ನಾಲ್ಕನೇ ಪಟ್ಟಿ, ಒಂದು ಬೆರಳು

ನಿನ್ನೆ ಕಮಾಂಡ್ ಚೆಕ್, ಅಂದರೆ ಕ್ಯಾಪ್ಟನ್ ಆಗುವ ಪರೀಕ್ಷೆ, ಪಾಸಾಯ್ತು. ಭುಜದ ಮೇಲಿದ್ದ ಮೂರು ಪಟ್ಟಿ ಇನ್ಮೇಲೆ ನಾಲ್ಕು. ಬೆಳಗ್ಗೆಯಿಂದ ಬಂದಿರುವ ಮೆಸೇಜುಗಳಿಗೆ ಒಂದೊಂದಾಗಿ ಉತ್ತರ ಬರೆಯಲು ಆಗುತ್ತಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಗೋಡೆಗೆ ಕಾಕ್‌ಪಿಟ್ ಚಿತ್ರ ಅಂಟಿಸಿಕೊಂಡು ಗಾಳಿಯಲ್ಲಿ ಬಟನ್ ಒತ್ತುತ್ತಿದ್ದ ನನ್ನನ್ನು ಸಹಿಸಿಕೊಂಡ ಮನೆಯವರಿಗೆ, ಸಿಮ್ಯುಲೇಟರ್‌ನಲ್ಲಿ ಪಕ್ಕದಲ್ಲಿ ಕೂತು ನನ್ನಷ್ಟೇ ಬೆವರಿದ ಜೊತೆಗಾರನಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಡೌಟ್ ಬಿಡಿಸಿದ ಇಂಜಿನಿಯರ್ ಗೆಳೆಯರಿಗೆ, ಕ್ಯಾಬಿನ್ ಸಿಬ್ಬಂದಿಗೆ ತುಂಬಾ ಥ್ಯಾಂಕ್ಸ್. ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಳು ಅಂತ ಬೈಬೇಡಿ. ಉಳಿದ ಜಾಗವೆಲ್ಲ ಒಬ್ಬರಿಗೆ ಬೇಕು.

ಆ ಹೈಡ್ರಾಲಿಕ್ ರಾತ್ರಿಯ ಕಥೆ ನಿಮಗೆಲ್ಲ ಗೊತ್ತು. ಕಾಕ್‌ಪಿಟ್‌ನಲ್ಲಿ ಎಚ್ಚರಿಕೆಯ ಗಂಟೆ ಟಿಂಗ್ ಅಂದದ್ದು, ಚಕ್ರ ಇಳಿಸಲು ನಾನು ಹಿಡಿಕೆಯನ್ನು ಮೂರು ಸುತ್ತು ತಿರುಗಿಸಿದ್ದು, ಕೊನೆಗೆ ವಿಮಾನವನ್ನು ಎಳೆದುಕೊಂಡು ಹೋಗಿದ್ದು. ಎಷ್ಟು ಸಲ ಹೇಳಿದ್ದೇನೋ. ಕೇಳಿದವರೆಲ್ಲ ಹೊಗಳಿದ್ದೀರಿ, ನಾನೂ ಸುಮ್ನೆ ಹೊಗಳಿಸಿಕೊಂಡಿದ್ದೇನೆ. ಆದರೆ ಪ್ರತಿ ಸಲವೂ ಒಂದು ತುಂಡು ಬಿಟ್ಟೇ ಹೇಳುತ್ತಿದ್ದೆ.

ನಾವು ಹಾರಿಸುತ್ತಿದ್ದ ಎ320 ವಿಮಾನದಲ್ಲಿ ಮೂರು ಹೈಡ್ರಾಲಿಕ್, ಅಂದರೆ ದ್ರವದ ಒತ್ತಡದಿಂದ ಚಕ್ರ, ಬ್ರೇಕ್ ಇತ್ಯಾದಿ ನಡೆಸುವ ವ್ಯವಸ್ಥೆಗಳು: ಹಸಿರು, ನೀಲಿ, ಹಳದಿ. ಅವತ್ತು ಸೋರಿದ್ದು ಹಸಿರು. ಅವತ್ತಿನ ನನ್ನ ಕ್ಯಾಪ್ಟನ್, ನಾನು ಸರ್ ಅನ್ನುವವರು, ವಿಮಾನ ನೋಡಿಕೊಳ್ಳುತ್ತಿದ್ದರು. ಪರದೆ ಮೇಲೆ ಬಂದದ್ದನ್ನು ಓದಿ ಮಾಡುವ ಕೆಲಸ ನನ್ನದು. ಮೊದಲು ಪಿಟಿಯು (ಹಸಿರು, ಹಳದಿ ನಡುವೆ ಒತ್ತಡ ದಾಟಿಸುವ ಘಟಕ) ಆಫ್. ಆಮೇಲೆ ಹಸಿರಿಗೆ ಒತ್ತಡ ಕೊಡುವ ಒಂದನೇ ಇಂಜಿನ್ನಿನ ಪಂಪ್ ಆಫ್. ತಲೆ ಮೇಲಿನ ಪ್ಯಾನೆಲ್‌ನಲ್ಲಿ ಪಿಟಿಯು ಒತ್ತಿದ ಬೆರಳು ಎಡಕ್ಕೆ ಹೋಗಬೇಕಿತ್ತು. ಬಲಕ್ಕೆ ಸರಿಯಿತು. ಎರಡನೇ ಇಂಜಿನ್ನಿನ ಪಂಪ್ ಮೇಲೆ ಕೂತಿತು. ಅದು ಹಳದಿ. ಹಸಿರು ಹೋದ ಮೇಲೆ ಬ್ರೇಕಿಗೆ ಇರುವ ಆಸರೆ ಅದೇ. ಎಡಗಡೆ ಬಟನ್ನಿನಲ್ಲಿ ಫಾಲ್ಟ್ ಅಂತ ಅಂಬರ್ ದೀಪ ಉರಿಯುತ್ತಲೇ ಇತ್ತು. ನನ್ನ ಬೆರಳ ಕೆಳಗಿನದು ಕತ್ತಲು. ನೆಟ್ಟಗಿರುವ ಪಂಪಿನ ಬಟನ್ನಿನಲ್ಲಿ ದೀಪ ಉರಿಯುವುದಿಲ್ಲ. ಇಷ್ಟಾದರೂ ಬಾಯಿ ಮಾತ್ರ ಸರಿಯಾಗಿ ‘ಒಂದನೇ ಇಂಜಿನ್ ಪಂಪ್’ ಅನ್ನುತ್ತಿತ್ತು.

"ವೇಯ್ಟ್."

ಸರ್ ಅಷ್ಟೇ ಅಂದಿದ್ದು. ಕೂಗಲಿಲ್ಲ, ಕೈ ಎಳೆಯಲಿಲ್ಲ. ನಾನೇ ನೋಡಿ, ನಾನೇ ಬೆರಳು ತೆಗೆಯುವವರೆಗೆ ಕಾದರು. ಮುಂದಿನ ಕೆಲಸವೆಲ್ಲ ಏನೂ ಆಗಿಲ್ಲ ಅನ್ನುವ ಹಾಗೆ ನಡೆಯಿತು.

ಒತ್ತಿದ್ದರೂ ಇನ್ನೊಮ್ಮೆ ಒತ್ತಿ ಸರಿ ಮಾಡಬಹುದಿತ್ತು, ಈಗ ಗೊತ್ತು. ಅವತ್ತು ಹೋಟೆಲ್ ರೂಮಿನಲ್ಲಿ ಆ ಸಮಾಧಾನ ಕೆಲಸಕ್ಕೆ ಬರಲಿಲ್ಲ. ಯೂನಿಫಾರ್ಮ್ ಕೂಡ ಬಿಚ್ಚದೆ ಮಂಚದ ಅಂಚಿನಲ್ಲಿ ಕೂತು ನನ್ನ ಬೆರಳನ್ನೇ ನೋಡುತ್ತಿದ್ದೆ. ಹಿಂದೆ ಸೀಟುಗಳಲ್ಲಿ ನಿದ್ದೆ ಮಾಡುತ್ತಿದ್ದವರು ನೆನಪಾದರು. ಆಮೇಲೆ ತಡೆಯಲಾಗಲಿಲ್ಲ.

ಹನ್ನೆರಡೂವರೆಗೆ ಬಾಗಿಲು ಬಡಿದ ಸದ್ದು. "ಮಲಗಿಲ್ಲ ಅಲ್ವಾ?" ಅಂದರು ಸರ್. ಬಾಗಿಲು ಪೂರ್ತಿ ತೆರೆಸಿ, ಕುರ್ಚಿಯನ್ನು ಹೊಸ್ತಿಲ ಹತ್ತಿರ ಎಳೆದುಕೊಂಡು ಕೂತರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ನಾನು ಅತ್ತು ಮುಗಿಸಿದ ಮೇಲೆ ಕೇಳಿದರು, "ಟಿಂಗ್ ಅಂದಾಗ ಅಷ್ಟೊಂದು ಅವಸರ ಯಾರಿಗಿತ್ತು? ವಿಮಾನಕ್ಕಂತೂ ಇರಲಿಲ್ಲ."

ಆಮೇಲೆ 2010ರ ನವೆಂಬರ್ 4ರ ಕಥೆ ಎತ್ತಿದರು. ಸಿಂಗಾಪುರದಿಂದ ಹೊರಟ ಕ್ವಾಂಟಾಸ್ 32, ಎ380. ಇಂಜಿನ್ ಸಿಡಿದು ರೆಕ್ಕೆ ತೂತಾಗಿತ್ತು. ಒಳಗೆ 469 ಜನ. ಕಾಕ್‌ಪಿಟ್‌ನಲ್ಲಿದ್ದ ಐದೂ ಜನ ಪೈಲಟ್‌ಗಳೇ. ಪರದೆ ಮೇಲೆ ಸಾಲುಗಟ್ಟಿ ಬಂದ ಎಚ್ಚರಿಕೆಗಳನ್ನು ಒಂದೊಂದಾಗಿ ಮುಗಿಸಲು ಅವರಿಗೆ ಸುಮಾರು 50 ನಿಮಿಷ ಹಿಡಿಯಿತು. ಎಲ್ಲರೂ ಬದುಕಿದರು. "ಅವರು 50 ನಿಮಿಷ ತಗೊಂಡ್ರು. ನೀನು ಐದು ಸೆಕೆಂಡ್ ಜಾಸ್ತಿ ತಗೊಂಡಿದ್ರೆ ನಾನೇನು ಬೇಡ ಅಂತಿದ್ನಾ?"

ರಿಪೋರ್ಟಿನ ಮಾತು ಬಂದಾಗ, ಬೆರಳಿನ ವಿಷಯ ನೀವು ಬರೀತೀರಾ ಸರ್ ಅಂತ ಕೇಳಿದೆ. "ಬೆರಳು ನಿಂದಲ್ವೇನಮ್ಮಾ" ಅಂದರು. ನಾನು ಬರೆಯುವವರೆಗೂ ಅಲ್ಲೇ ಕೂತಿದ್ದರು. ಓದಿ ಒಂದೇ ಒಂದು ಪದ ಹೊಡೆದು ಹಾಕಿದರು, ‘ಕೇರ್‌ಲೆಸ್’. "ಇದು ನಿನ್ನನ್ನ ನೀನೇ ಬೈಕೊಳ್ಳೋ ಕಾಗದ ಅಲ್ಲ. ಬೆರಳು ಎಲ್ಲಿತ್ತು, ಎಲ್ಲಿ ಹೋಯ್ತು, ಅಷ್ಟು ಬರಿ." ಅವರು ಎದ್ದು ಹೋದಾಗ ಕಿಟಕಿಯಲ್ಲಿ ಬೆಳಕಾಗುತ್ತಿತ್ತು. ಅವರೂ ನನ್ನಷ್ಟೇ ದಣಿದಿದ್ದರು ಅಂತ ಹೊಳೆದದ್ದು ಆಮೇಲೆ.

ಮೊದಲ ಸಲ ಕಮಾಂಡ್ ಚೆಕ್‌ನಲ್ಲಿ ಫೇಲ್ ಆದದ್ದೂ ನಿಮಗೆ ಗೊತ್ತು. ಒಂದು ಚಿಕ್ಕ ಫಾಲ್ಟ್ ಹಿಂದೆ ಬಿದ್ದು, ನಿಲ್ಲಬೇಕಾದ ಎತ್ತರವನ್ನೇ ದಾಟಿಬಿಟ್ಟಿದ್ದೆ. ಅವತ್ತು ಸಂಜೆ ಫೋನ್ ಮಾಡಿ ಸರ್ ಕೇಳಿದ್ದು ಒಂದೇ: "ಬಲ್ಬ್ ಕಥೆ ಮರೆತುಹೋಯ್ತಾ?" ಪೈಲಟ್ ಆದವರು ಮರೆಯುವ ಕಥೆ ಅಲ್ಲ ಅದು. 1972ರ ಡಿಸೆಂಬರ್ 29, ಈಸ್ಟರ್ನ್ ಏರ್‌ಲೈನ್ಸಿನ ಫ್ಲೈಟ್ 401. ಮುಂದಿನ ಚಕ್ರದ ದೀಪ ಹತ್ತಲಿಲ್ಲ ಅಂತ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ಬಲ್ಬಿಗೇ ಮುಗಿಬಿದ್ದರು. ಆಟೋಪೈಲಟ್ ಎತ್ತರ ಬಿಟ್ಟುಕೊಟ್ಟದ್ದನ್ನು ಯಾರೂ ನೋಡಲಿಲ್ಲ. ಮಯಾಮಿ ಪಕ್ಕದ ಜೌಗಿನಲ್ಲಿ 101 ಜನ ಸತ್ತರು. ಸುಟ್ಟಿದ್ದು ಬಲ್ಬ್ ಅಷ್ಟೇ, ವಿಮಾನ ನೆಟ್ಟಗೇ ಇತ್ತು. ನನಗೆ ಕಣ್ಣು ಕತ್ತಲೆ ಬಂದ ಹಾಗಾಯ್ತು. ಎಂಥಾ ಸಮಾಧಾನ ಇದು ಅಂತ ಸಿಟ್ಟೂ ಬಂತು, ನಿಜ ಹೇಳುತ್ತೇನೆ.

ಈಗ ಟಿಂಗ್ ಅಂದರೆ ನನ್ನ ಎರಡೂ ಕೈ ತೊಡೆ ಮೇಲೆ ಹೋಗುತ್ತವೆ. ಮೊದಲು ವೇಗ, ಎತ್ತರ, ದಿಕ್ಕು. ಯಾರು ಹಾರಿಸುತ್ತಿದ್ದಾರೆ ಅಂತ ಬಾಯಿಬಿಟ್ಟು ಹೇಳಿಕೊಂಡ ಮೇಲೇ ಪರದೆ. ನಿನ್ನೆ ಪರೀಕ್ಷಕರು ಇದನ್ನು ಸ್ವಲ್ಪ ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ.

ಮುಂದಿನ ತಿಂಗಳು ಸರ್‌ಗೆ 65 ತುಂಬುತ್ತದೆ, ಇನ್ನು ಏರ್‌ಲೈನ್ ಹಾರಿಸುವ ಹಾಗಿಲ್ಲ. ಎಡಗಡೆ ಸೀಟಿನಲ್ಲಿ ನಾನು, ಬಲಗಡೆ ಅವರು ಅನ್ನುವ ಒಂದು ಫ್ಲೈಟ್ ಬೇಕಿತ್ತು ನನಗೆ. ಆಗುವುದಿಲ್ಲ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕಿಲ್ಲ.

ನಿನ್ನೆ ರಿಸಲ್ಟ್ ಹೇಳಿದಾಗ ಅಭಿನಂದನೆ ಏನೂ ಬರಲಿಲ್ಲ. ಎರಡೇ ಪದದ ಮೆಸೇಜ್ ಬಂತು: "ಯಾವ ಬಟನ್?"

"ಎಡಗಡೇದು, ಸರ್" ಅಂತ ಬರೆದೆ.