ಪೆಟ್ಟಿಗೆಯೊಳಗಿನ ಮೇಷ್ಟ್ರು

ಪ್ರೀತಿಯ ತಮ್ಮನಿಗೆ,

ನಿನ್ನ ಕರಡು ಎರಡು ಸಲ ಓದಿದೆ. ಮೊದಲ ಸಲ ಒಂದೇ ಉಸಿರಿಗೆ, ಎರಡನೇ ಸಲ ಪೆನ್ಸಿಲ್ ಹಿಡಿದು. ರಜೆಯ ದಿನಗಳನ್ನೆಲ್ಲ ಅಮೆರಿಕದ ಆ ಲೈಬ್ರರಿಯಲ್ಲೇ ಕಳೆದು, ಎರಡನೇ ಮಹಾಯುದ್ಧದ ನೌಕಾಪಡೆ ಪೈಲಟ್ ಒಬ್ಬನ ಪೆಟ್ಟಿಗೆಯಲ್ಲಿದ್ದ ಕಾಗದಪತ್ರಗಳನ್ನು ಒಂದೊಂದಾಗಿ ನೋಡಿದ್ದೀಯ. ಕನ್ನಡದಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವವರು ಕಡಿಮೆ. ನನಗೆ ತುಂಬ ಖುಷಿಯಾಯಿತು.

ಆದರೆ ಒಂದು ಮಾತು ಹೇಳಲೇಬೇಕು. 40 ಪುಟದಲ್ಲಿ 36 ಪುಟ ಪೆಸಿಫಿಕ್ ಯುದ್ಧವೇ ಆಗಿದೆ. ಆತ ವಾಪಸು ಬಂದು ಹುಡುಗರಿಗೆ ವಿಮಾನ ಹಾರಿಸೋದನ್ನು ಕಲಿಸಿದ್ದಕ್ಕೆ ಒಂದೂವರೆ ಪುಟ. 'ನಂತರ ಕೆಲಕಾಲ ಬೋಧಕನಾಗಿ ಸೇವೆ ಸಲ್ಲಿಸಿದ' ಅಂತ ಮುಗಿಸಿಬಿಟ್ಟಿದ್ದೀಯ. ಆತ ತನ್ನ ಹಾರಾಟದ ಲೆಕ್ಕ ಬರೆದಿಟ್ಟ ಲಾಗ್ ಬುಕ್‌ನ, ನೀನೇ ಕಳಿಸಿದ ಫೋಟೋಗಳನ್ನು ಇನ್ನೊಂದು ಸಲ ಎಣಿಸು. ಯುದ್ಧದ ಪುಟಕ್ಕಿಂತ ಪಾಠದ ಪುಟವೇ ಜಾಸ್ತಿ, ಅಲ್ವಾ?

ಇದೇ ತಪ್ಪನ್ನು ನಾನೂ ಮಾಡಿದ್ದೆ. ಮೂವತ್ತು ವರ್ಷದ ಹಿಂದೆ, ನಮ್ಮ ಕಡೆಯ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಡೈರಿಗಳನ್ನು ಓದಿ ದೊಡ್ಡ ಲೇಖನ ಬರೆದೆ. ಜೈಲಿನ ದಿನಗಳು, ಲಾಠಿ ಏಟು, ಎಲ್ಲ ಇತ್ತು. ಓದಿದ ಅವರ ಮಗಳು ಬಂದು ಕೇಳಿದರು: 'ಅಪ್ಪ ಎರಡು ವರ್ಷ ಜೈಲಲ್ಲಿದ್ದರು. ಮೂವತ್ತು ವರ್ಷ ಸ್ಕೂಲಲ್ಲಿ ಲೆಕ್ಕ ಹೇಳಿಕೊಟ್ಟರು. ಆ ಮೇಷ್ಟ್ರು ಎಲ್ಲಮ್ಮ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಜರಿ, ಮಾರ್ಕ್ಸು, ಸೀಮೆಸುಣ್ಣದ ಖರ್ಚು ಬರೆದಿದ್ದ ಡೈರಿಗಳನ್ನು ನಾನು ತೆರೆದೇ ಇರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಫ್ಲಾರಿಡಾದ ಪೆನ್ಸಕೋಲಾದಲ್ಲಿ ಆತ ಹುಡುಗರಿಗೆ ಕಲಿಸಿದ ಆ ಹಳದಿ ವಿಮಾನಕ್ಕೆ ವಾಪಸು ಹೋಗು.

ಆ ಸ್ಟಿಯರ್‌ಮನ್ ವಿಮಾನದಲ್ಲಿ ಎರಡು ಸೀಟು, ಮೇಲೆ ಮುಚ್ಚಳ ಇಲ್ಲ. ಮುಂದೆ ಮೇಷ್ಟ್ರು, ಹಿಂದೆ ಹುಡುಗ. ಎಂಜಿನ್ನಿನ ಸದ್ದು, ಗಾಳಿಯ ಸದ್ದು. ಮಾತಾಡೋದು ಹೇಗೆ? ಒಂದು ರಬ್ಬರ್ ಕೊಳವೆ ಇತ್ತು. ಗಾಸ್ಪೋರ್ಟ್ ಅಂತ ಹೆಸರು. ಮೇಷ್ಟ್ರು ಅದರ ಬಾಯಿಗೆ ಮಾತಾಡಿದರೆ ಹುಡುಗನ ಟೋಪಿಯ ಕಿವಿಗೆ ಕೇಳುತ್ತಿತ್ತು. ಹುಡುಗ ಮಾತ್ರ ತಿರುಗಿ ಏನೂ ಹೇಳೋ ಹಾಗಿಲ್ಲ, ಮಾತು ಒಂದೇ ಕಡೆ ಹೋಗುತ್ತಿತ್ತು. ಗೊತ್ತಾಯಿತು ಅಂತ ತಲೆ ಆಡಿಸಬೇಕು. ಮೇಲಿನ ರೆಕ್ಕೆಗೆ ಹಾಕಿದ ಪುಟ್ಟ ಕನ್ನಡಿಯಲ್ಲಿ ಮೇಷ್ಟ್ರು ಅದನ್ನು ನೋಡಿಕೊಳ್ಳಬೇಕು. ದಿನಾ ಆ ಕನ್ನಡಿಯಲ್ಲಿ ಹೆದರಿದ ಮುಖಗಳನ್ನೇ ನೋಡಿದ ಮನುಷ್ಯ ಅವನು. ಇಷ್ಟನ್ನು ನೀನು ಬರೆದರೂ ಓದುಗ ಆ ಸೀಟಿನಲ್ಲಿ ಕೂತುಬಿಡುತ್ತಾನೆ.

ಈಗ ಲಾಗ್ ಬುಕ್‌ಗೆ ಬಾ. ತಾರೀಕು, ಯಾವ ವಿಮಾನ, ಅದರ ನಂಬರು, ಎಷ್ಟು ಗಂಟೆ, ಜೊತೆಗೆ ಯಾರು, ಕೊನೆಗೆ ಷರಾ. ಷರಾ ಕಾಲಂ ಖಾಲಿ ಇದೆ ಅಂತ ನೀನು ಬೇಜಾರು ಮಾಡಿಕೊಂಡಿದ್ದೀಯ. 'ಜೊತೆಗೆ ಯಾರು' ಅನ್ನೋ ಕಾಲಂ ಬೆರಳಿಟ್ಟು ಓದು. ಒಂದು ಹೆಸರು ಇವತ್ತು ಬರುತ್ತೆ, ನಾಳೆ ಬರುತ್ತೆ, ನಾಡಿದ್ದು ಬರುತ್ತೆ. ಆಮೇಲೆ ನಿಂತುಬಿಡುತ್ತೆ. ಯಾಕೆ ನಿಂತಿತು? ಹುಡುಗ ಪಾಸಾಗಿ ಮುಂದೆ ಹೋಗಿರಬಹುದು. ಫೇಲಾಗಿ ಮನೆಗೆ ಹೋಗಿರಬಹುದು. ಸತ್ತಿರಲೂಬಹುದು.

ಇನ್ನೊಂದು ವಿಷಯ ಇದೆ. ಇದನ್ನು ಯೋಚಿಸಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಹಾರಾಟದ ಮೇಷ್ಟ್ರ ಬದುಕಲ್ಲಿ ದೊಡ್ಡ ಗಳಿಗೆ ಅಂದರೆ ಹುಡುಗನ ಮೊದಲ ಸೋಲೊ, ಅಂದರೆ ಮೇಷ್ಟ್ರಿಲ್ಲದೆ ಒಬ್ಬನೇ ಹಾರೋದು. ಮೇಷ್ಟ್ರು ವಿಮಾನದಿಂದ ಇಳಿಯುತ್ತಾರೆ. ಖಾಲಿ ಸೀಟಿನ ಬೆಲ್ಟು ಕಟ್ಟುತ್ತಾರೆ. ಮೈದಾನದಲ್ಲಿ ನಿಂತು ಮೇಲೆ ನೋಡುತ್ತಾರೆ. ಹುಡುಗನ ಲಾಗ್‌ನಲ್ಲಿ ಅದು ಸೇರುತ್ತೆ. ಮೇಷ್ಟ್ರ ಲಾಗ್‌ನಲ್ಲಿ ಸೇರೋದಿಲ್ಲ, ಯಾಕಂದರೆ ಅವರು ಹಾರಲೇ ಇಲ್ಲವಲ್ಲ! ನೀನು ಹುಡುಕುತ್ತಿರೋ ಕಥೆ ಇರೋದು ಎರಡು ಸಾಲಿನ ನಡುವಿನ ಆ ಜಾಗದಲ್ಲಿ.

ಪಾಠದ ದಿನಗಳಲ್ಲಿ ಅಪಾಯ ಇರಲಿಲ್ಲ ಅಂದುಕೊಳ್ಳಬೇಡ. ಷಿಕಾಗೋ ಹತ್ತಿರ ಮಿಷಿಗನ್ ಸರೋವರದಲ್ಲಿ 1942ರಿಂದ 1945ರವರೆಗೆ ವುಲ್ವರಿನ್, ಸೇಬಲ್ ಅಂತ ಎರಡು ಹಡಗಿದ್ದವು. ಕಲ್ಲಿದ್ದಲು ಉರಿಸಿ, ಪಕ್ಕದ ಚಕ್ರ ತಿರುಗಿಸಿ ಓಡೋ ಹಳೇ ಪ್ರಯಾಣಿಕರ ಹಡಗುಗಳು. ಮೇಲೆ ಡೆಕ್ ಹಾಕಿ ವಿಮಾನವಾಹಕ ನೌಕೆ ಮಾಡಿದ್ದರು. ಸುಮಾರು 17 ಸಾವಿರ ಪೈಲಟ್‌ಗಳು ಹಡಗಿನ ಮೇಲೆ ಇಳಿಯೋದನ್ನು ಅಲ್ಲಿ ಕಲಿತರು. ನೂರಕ್ಕೂ ಜಾಸ್ತಿ ವಿಮಾನ ನೀರಿಗೆ ಬಿದ್ದವು. ಅದರಲ್ಲಿ ಒಂದು ಡಾಂಟ್‌ಲೆಸ್ ಬಾಂಬರ್, ನಂಬರು 2106. ಪರ್ಲ್ ಹಾರ್ಬರ್ ದಾಳಿಯ ದಿನ ಅಲ್ಲೇ ಇತ್ತು, ಉಳಿಯಿತು. 1942ರ ಮಿಡ್‌ವೇ ಕಾಳಗದಲ್ಲಿ ಮೈಯೆಲ್ಲ ಇನ್ನೂರಕ್ಕೂ ಜಾಸ್ತಿ ತೂತು ಬಿದ್ದು, ಆಗಲೂ ಉಳಿಯಿತು. 1943ರ ಜೂನ್‌ನಲ್ಲಿ ಕಲಿಯೋ ಹುಡುಗನ ಕೈಯಲ್ಲಿ ಸೇಬಲ್ ಮೇಲೆ ಇಳಿಯೋಕೆ ಹೋಗಿ ಸರೋವರಕ್ಕೆ ಬಿತ್ತು. ಹುಡುಗ ಬದುಕಿದ. 1994ರಲ್ಲಿ ವಿಮಾನವನ್ನು ಮೇಲೆತ್ತಿದರು. ಈಗ ಅದು ಪೆನ್ಸಕೋಲಾದ ಮ್ಯೂಸಿಯಮ್‌ನಲ್ಲಿದೆ. ಸಾಧ್ಯವಾದರೆ ಹೋಗಿ ನೋಡು.

ಕಾಗದಗಳ ವಿಷಯ. ಆತ ತನ್ನ ಅಮ್ಮನಿಗೆ ಬರೆದ ಕಾಗದದಲ್ಲಿ 'ಇಲ್ಲಿ ಎಲ್ಲ ಚೆನ್ನಾಗಿದೆ' ಅಂತಲೇ ಇರುತ್ತೆ. ಎಲ್ಲಿದ್ದೀನಿ, ಏನು ಮಾಡುತ್ತಿದ್ದೀನಿ ಅಂತ ಬರೆಯೋ ಹಾಗಿರಲಿಲ್ಲ. ನಾವಿಕರ ಕಾಗದಗಳನ್ನು ಹಡಗಿನ ಕಿರಿಯ ಅಧಿಕಾರಿಗಳೇ ಓದಿ, ಬೇಡದ ಸಾಲುಗಳನ್ನು ತೆಗೆಯುತ್ತಿದ್ದರು. ಮುಂದೆ ಅಮೆರಿಕದ ಅಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್ ಕೂಡ ಸ್ಯಾನ್ ಹಸಿಂಟೋ ಹಡಗಿನಲ್ಲಿ ಆ ಕೆಲಸ ಮಾಡಿದವರು. 1944ರ ಸೆಪ್ಟೆಂಬರ್ 2ರಂದು ಅವರ ವಿಮಾನ ಉರುಳಿತು, ಜೊತೆಯಲ್ಲಿದ್ದ ಇಬ್ಬರೂ ಸತ್ತರು. ಕಾಪಾಡಿದ ಜಲಾಂತರ್ಗಾಮಿಯಲ್ಲಿ ಕೂತು, ಆ ಇಬ್ಬರ ಹೊಣೆ ನನ್ನ ಮೇಲಿದೆ ಅನ್ನಿಸುತ್ತಿದೆ ಅಂತ ಅಪ್ಪ ಅಮ್ಮನಿಗೆ ಬರೆದರು. ಆ ಕಾಗದ ಉಳಿದಿದೆ. ಮುಂದೆ ತಮ್ಮ ಹೆಂಡತಿಯಾದ ಬಾರ್ಬರಾಗೆ ಆ ವರ್ಷಗಳಲ್ಲಿ ಬುಷ್ ಬರೆದ ಕಾಗದಗಳಲ್ಲಿ ಒಂದು ಬಿಟ್ಟು ಉಳಿದವೆಲ್ಲ ಮನೆ ಬದಲಾಯಿಸುವಾಗ ಕಳೆದುಹೋದವು. ನಿನ್ನ ಪೆಟ್ಟಿಗೆಯೂ ಹಾಗೇ, ಯಾರೋ ಉಳಿಸಿಕೊಂಡಷ್ಟು ಮಾತ್ರ ಇರೋದು. ನಿನ್ನ ಪೈಲಟ್‌ಗೆ ಅವನ ಅಮ್ಮ ಬರೆದ ಉತ್ತರಗಳು ಎಲ್ಲಿ? ಇಲ್ಲದ್ದನ್ನು ನೀನು ಕಟ್ಟಿ ಬರೆಯಬೇಡ. ಇಲ್ಲ ಅಂತಲೇ ಬರಿ.

ಫೋಟೋಗಳನ್ನು ನೋಡುವಾಗಲೂ ಯಾರಿದ್ದಾರೆ ಅನ್ನೋದರ ಜೊತೆ ಯಾರಿಲ್ಲ ಅಂತಲೂ ನೋಡು. ಸಾಲಾಗಿ ನಿಂತವರೆಲ್ಲ ಬಿಳಿಯರೇ. ಅಮೆರಿಕದ ನೌಕಾಪಡೆಯ ಹಾರಾಟದ ತರಬೇತಿ ಪೂರ್ತಿ ಮಾಡಿದ ಮೊದಲ ಕಪ್ಪು ಪೈಲಟ್ ಜೆಸ್ಸಿ ಬ್ರೌನ್. ಅವರಿಗೆ ರೆಕ್ಕೆಯ ಬ್ಯಾಡ್ಜ್ ಸಿಕ್ಕಿದ್ದು 1948ರಲ್ಲಿ, ಯುದ್ಧ ಮುಗಿದು ಮೂರು ವರ್ಷವಾದ ಮೇಲೆ. ಹೆಂಗಸರೂ ಇಲ್ಲ. ಆದರೆ ನೆಲದ ಮೇಲಿನ ಲಿಂಕ್ ಟ್ರೈನರ್ ಅನ್ನೋ ನಕಲಿ ವಿಮಾನದ ಪೆಟ್ಟಿಗೆಯಲ್ಲಿ ಇದೇ ಹುಡುಗರನ್ನು ಕೂರಿಸಿ, ಮೀಟರುಗಳ ಮುಳ್ಳು ನೋಡಿ ಹಾರೋದನ್ನು ಹೇಳಿಕೊಟ್ಟವರಲ್ಲಿ ನೌಕಾಪಡೆಯ ಮಹಿಳಾ ವಿಭಾಗವಾದ ವೇವ್ಸ್‌ನ ಹೆಂಗಸರೂ ಇದ್ದರು. ಅವರಿಗೆ ವಿಮಾನ ಹಾರಿಸೋ ಅವಕಾಶ ಇರಲಿಲ್ಲ, ಕಲಿಸೋ ಅವಕಾಶ ಇತ್ತು. ಒಬ್ಬಳಾದರೂ ನಿನ್ನ ಕಥೆಯೊಳಗೆ ಬರಲಿ ಅಂತ ನನ್ನಾಸೆ.

ಜಪಾನೀಯರ ಬಗ್ಗೆ ಆತ ಬರೆದ ಕೆಟ್ಟ ಮಾತುಗಳನ್ನು ಸುಮ್ನೆ ಬಿಟ್ಟುಬಿಟ್ಟಿದ್ದೀಯ. ಬಿಡಬೇಡ. ನಿನಗೆ ಆತ ಇಷ್ಟ, ನನಗೂ ಇಷ್ಟವಾದ. ಅದಕ್ಕೇ ಪೂರ್ತಿ ಮನುಷ್ಯನನ್ನು ತೋರಿಸು.

ಭಾಷೆಗೆ ಬಂದರೆ, 'ಗಗನದ ಗರುಡ' ತೆಗೆ. 'ವೈಮಾನಿಕ ಬೋಧಕ' ಅನ್ನೋದನ್ನೂ ತೆಗೆದು ಮೇಷ್ಟ್ರು ಅಂತ ಬರಿ. ನಮ್ಮ ಓದುಗರಿಗೆ ಮೇಷ್ಟ್ರು ಗೊತ್ತು. ಕಿವಿ ಹಿಂಡೋ ಮೇಷ್ಟ್ರು, ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು ಕಾಯೋ ಮೇಷ್ಟ್ರು. ಆ ಒಂದು ಪದದಿಂದ ಫ್ಲಾರಿಡಾದ ಮೈದಾನ ನಮ್ಮವರಿಗೆ ಹತ್ತಿರವಾಗುತ್ತೆ.

ಮುಂದಿನ ಶನಿವಾರ ಲೈಬ್ರರಿಗೆ ಹೋದಾಗ ಒಂದೇ ಕೆಲಸ ಮಾಡು. ಲಾಗ್‌ನಲ್ಲಿರೋ ಹುಡುಗರ ಹೆಸರನ್ನೆಲ್ಲ ನಿನ್ನ ಕೈಯಲ್ಲೇ ಬರೆದುಕೋ, ಪ್ರತಿ ಹೆಸರಿನ ಮುಂದೆ ಅದು ಕೊನೆ ಸಲ ಬಂದ ತಾರೀಕು. ಫೋಟೋಗಳ ಹಿಂಬದಿಯನ್ನೂ ತಿರುಗಿಸಿ ನೋಡು. ಪಟ್ಟಿ ಮುಗಿದ ಮೇಲೆ ನನಗೆ ಕಳಿಸು, ಕೂತು ಓದೋಣ.

ಇಂತಿ ನಿನ್ನ,
ಅಕ್ಕ