ಗುಗ್ಗುಳ: ಮೊಲದಲ್ಲಿ ಗೆದ್ದರೆ ಸಾಲದು

ಮಾನ್ಯರೇ,

ಗುಗ್ಗುಳದ (ಆಯುರ್ವೇದದಲ್ಲಿ ಬಳಸುವ ಗಿಡದ ಅಂಟು) ಸಾರ ಕೊಲೆಸ್ಟ್ರಾಲ್ ಇಳಿಸುತ್ತದೆಂಬ ವಾದಕ್ಕೆ 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ.ವಿ. ಸತ್ಯವತಿ ಮೊಲಗಳ ಮೇಲೆ ನಡೆಸಿದ ಅಧ್ಯಯನವೇ ಆಧುನಿಕ ಬುನಾದಿ. ಆದರೆ 2003ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆ ಬೇರೆಯೇ ಹೇಳಿತು. 103 ಮಂದಿಗೆ ಎಂಟು ವಾರ, ದಿನಕ್ಕೆ ಮೂರು ಸಲ 1,000 ಅಥವಾ 2,000 ಮಿ.ಗ್ರಾಂ. ಸಾರ, ಇಲ್ಲವೇ ಔಷಧವಿಲ್ಲದ ಹುಸಿಗುಳಿಗೆ ಕೊಡಲಾಯಿತು. ಸಾರ ತೆಗೆದುಕೊಂಡವರಲ್ಲಿ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, ಶೇ 4–5ರಷ್ಟು ಏರಿತು. ಹುಸಿಗುಳಿಗೆಯವರಲ್ಲಿ ಶೇ 5ರಷ್ಟು ಇಳಿಯಿತು! ಕೆಲವರಿಗೆ ಮೈಮೇಲೆ ದದ್ದು ಬೇರೆ.

ಹುಸಿಗುಳಿಗೆಯ ಗುಂಪೇ ಇಲ್ಲದಿದ್ದರೆ ಪಥ್ಯದ ಫಲವೂ ಗಿಡದ ಖಾತೆಗೆ ಜಮೆಯಾಗುತ್ತದೆ. ಪ್ರತಿ ಬ್ಯಾಚಿನಲ್ಲಿ ಸಾರದ ಮುಖ್ಯ ಘಟಕಗಳಾದ ಗುಗ್ಗುಲ್‌ಸ್ಟೆರೋನ್ ಇ ಮತ್ತು ಝಡ್ ಎಷ್ಟಿವೆಯೆಂದು ಅಳೆಯದೆ ಪ್ರಮಾಣದ ಮಾತೆತ್ತುವುದು ವ್ಯರ್ಥ. ರಕ್ತದ ಇನ್ನೊಂದು ಕೊಬ್ಬಾದ ಟ್ರೈಗ್ಲಿಸರೈಡ್ ಡೆಸಿಲೀಟರಿಗೆ 400 ಮಿ.ಗ್ರಾಂ. ದಾಟಿದರೆ ಎಲ್‌ಡಿಎಲ್ ಲೆಕ್ಕದ ರೂಢಿಯ ಸೂತ್ರ ಕೈಕೊಡುತ್ತದೆ. ಅಂಥವರಿಗೆ ನೇರ ಅಳತೆಯೇ ಆಗಬೇಕು.

— ಔಷಧಶಾಸ್ತ್ರ ಅಧ್ಯಾಪಕರು, ಮೈಸೂರು