ಕಾಪರ್-ಟಿ, ಅಂತರಾ ಬಗ್ಗೆ ಮಾತಾಡುವಾಗ

ಅಕ್ಕಂದಿರೇ, ಈ ವಾರ ಶಿಡ್ಲಘಟ್ಟದ ಕಡೆ ಮನೆಭೇಟಿಗೆ ಹೋಗುವ ಆಶಾಗಳೆಲ್ಲ ದಯವಿಟ್ಟು ಓದಿ. ಗರ್ಭ ತಡೆಯೋಕೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ಅದೇ ಕೆಲಸದ ಅಂತರಾ ಇಂಜೆಕ್ಷನ್ ಬಗ್ಗೆ ಹೊಸದಾಗಿ ಮದುವೆಯಾದ ಹುಡುಗಿ ಜೊತೆ ಅವಳು ಒಬ್ಬಳೇ ಇದ್ದಾಗ ಮಾತಾಡಿ. ಅತ್ತೆ ಪಕ್ಕದಲ್ಲಿದ್ದರೆ ಅವಳು ಬಾಯೇ ಬಿಡಲ್ಲ.

ಮೊನ್ನೆ ಒಬ್ಬಳು ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಾ, ‘ಕಾಪರ್-ಟಿ ಎದೆಗೆ ಏರುತ್ತಂತೆ, ಹೌದಾ ಅಕ್ಕ?’ ಅಂತ ಮೆಲ್ಲಗೆ ಕೇಳಿದಳು. ಇಲ್ಲ, ಗರ್ಭಕೋಶದಲ್ಲೇ ಇರುತ್ತೆ ಅಂತ ಬಾಯಲ್ಲಿ ಹೇಳಿದ್ದು ನಂಬಲಿಲ್ಲ. ಸ್ಯಾಂಪಲ್ ಕಾಪರ್-ಟಿ ಅಂಗೈಗೆ ಇಟ್ಟೆ. ಪುಟ್ಟದು, ಕೆಳಗೆ ಸಣ್ಣ ದಾರ. ತಿರುಗಿಸಿ ತಿರುಗಿಸಿ ನೋಡಿ ‘ಇಷ್ಟೇನಾ!’ ಅಂದಳು. ಅದಕ್ಕೇ ಬ್ಯಾಗಲ್ಲಿ ಒಂದು ಸ್ಯಾಂಪಲ್ ಇರಲಿ.

ಕಾಪರ್-ಟಿಯಲ್ಲಿ ಎರಡು ಬಗೆ: 380ಎ ಆದರೆ 10 ವರ್ಷ, 375 ಆದರೆ 5 ವರ್ಷ ಕೆಲಸ ಮಾಡುತ್ತೆ. ಬೇಡ ಅನ್ನಿಸಿದಾಗ ತೆಗೆಸಬಹುದು, ಆಮೇಲೆ ಗರ್ಭ ನಿಲ್ಲೋದಕ್ಕೆ ತಡವಾಗಲ್ಲ. ಮೊದಲ ಕೆಲವು ತಿಂಗಳು ಮುಟ್ಟು ಜಾಸ್ತಿ ಹೋಗಬಹುದು, ಹೊಟ್ಟೆನೋವೂ ಬರಬಹುದು, ಇದನ್ನು ಮುಚ್ಚಿಡಬೇಡಿ, ಮೊದಲೇ ಹೇಳಿದರೆ ಗಾಬರಿಯಾಗಲ್ಲ. ಅಂತರಾ 3 ತಿಂಗಳಿಗೊಂದು ಇಂಜೆಕ್ಷನ್. ಮುಟ್ಟು ಏರುಪೇರಾಗುತ್ತೆ, ಕೆಲವರಿಗೆ ನಿಂತೇ ಹೋಗುತ್ತೆ. ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ಹಿಡಿಯುತ್ತೆ, ಬೇಗ ಮಗು ಬೇಕು ಅನ್ನೋಳಿಗೆ ಇದನ್ನು ಹೇಳಲೇಬೇಕು. ಗರ್ಭ ತಡೆಯುವ ವಿಧಾನಗಳಲ್ಲಿ ಎಚ್‌ಐವಿಯನ್ನೂ ತಡೆಯೋದು ಕಾಂಡೋಮ್ ಮಾತ್ರ, ಇವೆರಡೂ ಅಲ್ಲ.

ಬೇಡ ಅಂದರೆ ಬಿಟ್ಟುಬಿಡಿ. ಒತ್ತಾಯ ಮಾತ್ರ ಬೇಡ.